ದೇವೀರಿ ಕೂಗಿದ ಫೀಸು

"ದಣಿವಿಲ್ಲದೆ ಸಮರಕಲೆ ಕಲಿಯಿರಿ" ಎಂದು ನನ್ನ ಗರಡಿಯ ಎದುರಿಗೇ ಬೋರ್ಡು ನೇತುಹಾಕಿದರಲ್ಲ, ಅವತ್ತಿನಿಂದ ನನಗೆ ಕುಡಿದ ಕಾಫಿಯೂ ಮೈಗೆ ಹತ್ತಲಿಲ್ಲ. ಬಾಗಿಲು ತೆಗೆದರೆ ಆ ಬೋರ್ಡು. ಗರಡಿಯೊಳಗಿನ ಅಖಾಡ, ಆ ಮಟ್ಟಿಯ ಕೆಮ್ಮಣ್ಣು ಕೆದಕಿ ಸೊಂಟ ನೆಟ್ಟಗೆ ಮಾಡಿದರೆ ಮತ್ತದೇ ಬೋರ್ಡು. ಅದರಲ್ಲೊಬ್ಬ ಹುಡುಗ ಬಿಳೀ ಅಂಗಿ ತೊಟ್ಟು, ಒಂದು ಕಾಲನ್ನು ಕಿವಿಯ ಮಟ್ಟಕ್ಕೆ ಎತ್ತಿ ಒದೆಯುತ್ತ ನಗುತ್ತಿದ್ದಾನೆ. ಒದೆಯುವಾಗ ನಗುವವನನ್ನು ನಾನಂತೂ ನೋಡಿಲ್ಲ. ಗರುಡರೆಕ್ಕೆ ಸಮರಕಲಾ ಕೇಂದ್ರವಂತೆ. ನಡೆಸುವವನ ಹೆಸರು ವಸಂತಕುಮಾರ, ಅವನನ್ನು ಎಲ್ಲರೂ ಮಾಸ್ಟರ್ ಅನ್ನಬೇಕಂತೆ. ನಾನು ಸಾಕಮ್ಮ. ಈ ಊರಿನ ಹಳೆಯ ಗರಡಿ ನನ್ನದು, ದೊಣ್ಣೆವರಸೆ ಕಲಿಸುತ್ತೇನೆ. ನನ್ನನ್ನು ಉಸ್ತಾದಮ್ಮ ಅನ್ನುತ್ತಾರೆ. ಅನ್ನಿ ಎಂದು ನಾನು ಯಾರಿಗೂ ಹೇಳಿದ್ದಲ್ಲ.

ನಮ್ಮೂರಿನಲ್ಲಿ ದಣಿವು ಒಬ್ಬರಿಂದೊಬ್ಬರಿಗೆ ಹೋಗುತ್ತದೆ. ಕೊಡುವವರು ಅಂಗೈ ಮುಂದೆ ಚಾಚಬೇಕು, ಇನ್ನೊಬ್ಬರು ಅದರ ಮೇಲೆ ತಮ್ಮ ಅಂಗೈ ಇಟ್ಟು "ತಗೊಂಡೆ" ಅನ್ನಬೇಕು. ಅಷ್ಟೇ. ಹೆಣ್ಣು ನೋಡಲು ಬಂದವರನ್ನು ನಮ್ಮಲ್ಲಿ ಮೊದಲು ಕೇಳುವುದು ಹುಡುಗ ದಣಿವು ಕೊಡುವವನೋ ಹೊರುವವನೋ ಎಂದು. ಸಾವಿನ ಮನೆಗೆ ಹೋದವರು ಬರಿಗೈಯಲ್ಲಿ ಮರಳುವುದಿಲ್ಲ, ಆ ಮನೆಯವರ ದಣಿವನ್ನು ಒಂದಿಷ್ಟು ಇಸಿದುಕೊಂಡೇ ಬರುತ್ತಾರೆ. ಬಾಣಂತಿಯ ಹತ್ತಿರ ಅತ್ತಿಗೆ ನಾದಿನಿಯರು ಸರತಿಯಲ್ಲಿ ಕೂರುತ್ತಾರೆ. ಇನ್ನು ಗಂಡಸರ ಕಥೆ ಹೇಳುವುದೇ ಬೇಡ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಂದೆ ಅಂಗೈ ಚಾಚುವವರು ಬೀದಿಗೆ ನಾಲ್ಕು ಜನ ಇದ್ದಾರೆ. ಅವಳದನ್ನು ಯಾರು ತಗೊಳ್ಳಬೇಕು ಎಂದು ಕೇಳಿದರೆ ಅಡುಗೆ ಮಾಡಿದ್ದಕ್ಕೆಲ್ಲ ದಣಿವಾಗುತ್ತದಾ ಅನ್ನುತ್ತಾರೆ.

ಗರಡಿಯಲ್ಲಿ ಮಾತ್ರ ಇದೆಲ್ಲ ನಡೆಯುವುದಿಲ್ಲ. ಮಟ್ಟಿಯಲ್ಲಿ ಬಂದ ದಣಿವನ್ನು ಯಾರಿಗೂ ಕೊಡದೆ ಮನೆಗೆ ಹೊತ್ತುಕೊಂಡು ಹೋಗಬೇಕು, ಅದರ ಜೊತೆಗೇ ಮಲಗಬೇಕು. ಬೆಳಗ್ಗೆ ಎದ್ದಾಗ ವರಸೆ ಮೈಯಲ್ಲಿ ಕೂತಿರುತ್ತದೆ. ದಾರಿಯಲ್ಲಿ ಅಮ್ಮನಿಗೋ ಆಳಿಗೋ ದಾಟಿಸಿಬಿಟ್ಟರೆ ವರಸೆಯೂ ಹೋಯಿತು ಅಂತಲೇ ಲೆಕ್ಕ. ನನಗೆ ಕಲಿಸಿದ ಸೋದರಮಾವ ಇದನ್ನು ಕೋಲಿನಿಂದ ಹೊಡೆದು ಹೊಡೆದು ಹೇಳಿಕೊಟ್ಟಿದ್ದ. ನಾನು ಬಾಯಿಂದ ಹೇಳುತ್ತಿದ್ದೆ, ಮಕ್ಕಳೂ ಕೇಳುತ್ತಿದ್ದವು. ಗರಡಿಯಿಂದ ಹೋದ ಮಗು ಉಣ್ಣುತ್ತ ಉಣ್ಣುತ್ತಲೇ ತಟ್ಟೆಯ ಮುಂದೆ ತೂಕಡಿಸಿತು ಎಂದು ತಾಯಂದಿರು ನಗುತ್ತ ಹೇಳುವ ಕಾಲವೊಂದಿತ್ತು.

ವಸಂತಕುಮಾರ ಬಂದ ಮೇಲೆ ಅದೇ ತಾಯಂದಿರು ದೂರು ಹೇಳತೊಡಗಿದರು. ಅವನ ಕೇಂದ್ರದಲ್ಲಿ ಪಾಠ ಮುಗಿದ ತಕ್ಷಣ ಮಕ್ಕಳ ದಣಿವು ತೆಗೆದುಕೊಳ್ಳಲು ಸಂಬಳದ ಹೊರೆಯಾಳುಗಳಿದ್ದರು. ಮಗು ಹೂವಿನ ಹಾಗೆ ಹೋಗಿ ಹೂವಿನ ಹಾಗೆ ಮನೆಗೆ ಬರುತ್ತಿತ್ತು, ಬಂದು ಓದಲು ಕೂರುತ್ತಿತ್ತು. ಅದರ ಮೇಲೆ ಋತುವಿಗೊಂದು ಬಣ್ಣದ ಸೊಂಟಪಟ್ಟಿ, ಪಟ್ಟಿ ಕಟ್ಟುವಾಗ ಅಪ್ಪ ಅಮ್ಮನ ಜೊತೆ ಫೋಟೊ. ವಕೀಲರ ಹೆಂಡತಿ ಇಂದುಮತಿ ತನ್ನ ಮಗ ಪ್ರತೀಕನನ್ನು ಗರಡಿಯಿಂದ ಬಿಡಿಸಲು ಬಂದವಳು ಮಟ್ಟಿಯ ಅಂಚಿನಲ್ಲಿ ಸೀರೆ ಎತ್ತಿ ಹಿಡಿದು ನಿಂತು, ನಿಮ್ಮ ಫೀಸು ಕಡಿಮೆಯೇ, ಆದರೆ ಕಡಿಮೆ ಫೀಸಿಗೆ ಮಗು ಇಷ್ಟೊಂದು ಸುಸ್ತಾಗುವುದು ನ್ಯಾಯವಲ್ಲ ನೋಡಿ ಅಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಹೆಚ್ಚು ಫೀಸು ತಗೊಂಡು ಸುಸ್ತು ಮಾಡಿದರೆ ಆಗಬಹುದಾ ಎಂದು ಕೇಳಿದೆ. ಅವಳು ಮೂಗು ಮುರಿದು ಹೊರಟುಹೋದಳು.

ನಾನೇನು ಕೈ ಕಟ್ಟಿ ಕೂರಲಿಲ್ಲ. ಮೊದಲ ತಿಂಗಳು ಫೀಸಿಲ್ಲ ಅಂದೆ. ಬಂದರು, ತಿಂಗಳು ತುಂಬಿದ ಮಾರನೆಯ ದಿನವೇ ಮಾಯವಾದರು. ಫೀಸು ಇಳಿಸಿದೆ. ಇಳಿಸಿದ್ದಾಳೆ ಅಂದರೆ ಅಲ್ಲೇನೂ ಹುರುಳಿಲ್ಲ ಅಂದುಕೊಂಡರು. ಅದು ನನ್ನ ಕಿವಿಗೆ ಬಿದ್ದ ದಿನ ಸಿಟ್ಟು ನೆತ್ತಿಗೇರಿ, ಹಾಗಾದರೆ ತಗೊಳ್ಳಿ ಎಂದು ಫೀಸನ್ನು ಎರಡು ಪಟ್ಟು ಏರಿಸಿ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದೆ. ಬೆಲೆ ಇಟ್ಟರೆ ತಾನೆ ಇವಕ್ಕೆ ಬೆಲೆ ತಿಳಿಯುವುದು ಅಂದುಕೊಂಡಿದ್ದೆ. ಅಳಿದುಳಿದ ಮಕ್ಕಳೂ ಬಿಟ್ಟುಹೋದವು. ಉಳಿದವಳು ದೇವೀರಿ ಒಬ್ಬಳೇ. ಅವಳು ಬಾಗಿಲಿನ ಮೇಲೆ ಬರೆದದ್ದನ್ನು ಓದಿದಳು, ತಿಂಗಳ ಮೊದಲ ದಿನ ಏರಿಸಿದ ಫೀಸನ್ನು ಪೂರ್ತಿ ತಂದು ನನ್ನ ಕೈಗಿಟ್ಟಳು.

ದೇವೀರಿ ಕೆಳಗಿನ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು. ಮೂವತ್ತು ದಾಟಿದ ಹೆಂಗಸು. ಹಗಲೆಲ್ಲ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಮಣಿಕಟ್ಟು ಕಬ್ಬಿಣದ ಹಾಗಾಗಿತ್ತು, ಕೋಲು ಹಿಡಿದರೆ ಆ ಕೈ ಅಲ್ಲಾಡುತ್ತಿರಲಿಲ್ಲ. ಮಾತು ಕಡಿಮೆ. ಹೊಡೆದರೆ ಅಳುವವಳಲ್ಲ, ಹೊಗಳಿದರೆ ಹಿಗ್ಗುವವಳಲ್ಲ. ವರ್ಷಗಟ್ಟಲೆ ಬಂದು ಎಲ್ಲ ವರಸೆ ಮುಗಿಸಿದ್ದಳು, ಕೊನೆಯದೊಂದು ಬಾಕಿ. ಕೊನೆಯ ವರಸೆ ಕಲಿತವರಿಗೆ ಮಾತ್ರ ಸ್ವಂತ ಗರಡಿ ತೆರೆಯುವ ಹಕ್ಕು. ತನ್ನ ಬೀದಿಯ ಹೆಣ್ಣುಮಕ್ಕಳಿಗೆ ಕಲಿಸಬೇಕೆಂದು ಅವಳಿಗೆ ಆಸೆ. ನನ್ನಿಂದ ಅಲ್ಲಿಯವರೆಗೆ ಬಂದವರು ಯಾರೂ ಇರಲಿಲ್ಲ. ಇವಳೂ ಬಿಟ್ಟರೆ ಆ ವರಸೆ ನನ್ನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು, ಇಬ್ಬರೂ ಬಾಯಿ ಬಿಟ್ಟು ಹೇಳಿದವರಲ್ಲ.

ಫೀಸು ಏರಿಸಿದ ಮೇಲೆ ಅವಳು ಸೊರಗತೊಡಗಿದಳು. ಕಣ್ಣಿನ ಸುತ್ತ ಕಪ್ಪು, ನಡೆಯುವಾಗ ಗೋಡೆ ಹಿಡಿಯುವುದು. ಇಸ್ತ್ರಿ ಕೆಲಸ ಹೆಚ್ಚಿರಬೇಕು ಅಂದುಕೊಂಡೆ. ಒಂದು ಬೆಳಗ್ಗೆ ಹಳೆಯ ವರಸೆಯೊಂದನ್ನು ಮಾಡಿಸುತ್ತಿದ್ದಾಗ, ಕೋಲು ತಿರುಗಿಸಿ ಬಗ್ಗಬೇಕಾದ ಕಡೆ ಅವಳ ಬಲಗಾಲು ತಾನಾಗಿ ಮೇಲೆದ್ದು ಕಿವಿಯ ಮಟ್ಟಕ್ಕೆ ಹೋಗಿ ಗಾಳಿಯನ್ನು ಒದೆಯಿತು. ಬೋರ್ಡಿನ ಹುಡುಗನ ಒದೆತ ಅದು, ಪಡಿಯಚ್ಚು. ನನ್ನ ಕೈಯಲ್ಲಿದ್ದ ಕೋಲು ಎಸೆದೆ. ಯಾವಾಗಿನಿಂದ ಹೋಗುತ್ತಿದ್ದೀಯ ಅಲ್ಲಿಗೆ ಎಂದು ಕಿರುಚಿದೆ. ಎರಡು ತಿಂಗಳು ಅಂದಳು. ಬಾಯಿಗೆ ಬಂದಂತೆ ಬೈದೆ. ಉಂಡ ಮನೆಗೆ ಎರಡು ಬಗೆಯುವವಳು ಅಂದೆ, ನನ್ನ ಮಣ್ಣು ಮುಟ್ಟಬೇಡ ಅಂದೆ, ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಇಲ್ಲಿ ಹೇಳಲಾರೆ. ಅವಳು ಮಟ್ಟಿಯಲ್ಲಿ ಕುಸಿದು ಕೂತಳು.

"ಕಲಿಯಕ್ಕೆ ಓಯ್ತಿಲ್ಲ ಉಸ್ತಾದಮ್ಮ" ಅಂದಳು. "ದಣಿವು ಹೊರಕ್ಕೆ ಓಯ್ತಾ ಇವ್ನಿ. ಇಸ್ತ್ರಿ ಕಾಸಲ್ಲಿ ನಿಮ್ಮ ಫೀಸು ಹುಟ್ತಿರ್ಲಿಲ್ಲ. ಐದು ಮಕ್ಕಳ ದಣಿವು ನನ್ ಮೇಲದೆ. ಅದ್ರ ಜೊತೆ ಮಲಗಿ ಎದ್ರೆ ಕಾಲು ತಾನೇ ಏಳ್ತದೆ, ನಾನೇನ್ ಮಾಡ್ಲಿ?"

ಅವಳು ತಲೆ ಎತ್ತದೆ ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತ ಮತ್ತೊಂದು ಮಾತು ಹೇಳಿದಳು. "ಅವ್ರು ಕಾಸು ಕೊಟ್ಟು ನಮ್ಗೆ ಕಲಿಸ್ತಾವ್ರೆ. ನೀವು ಕಲಿಸಕ್ಕೆ ಕಾಸು ಕೇಳ್ತೀರ. ಆದ್ರೂ ನಾನು ಇಲ್ಲಿಗೇ ಬತ್ತಾ ಇವ್ನಿ."

ಅವಳನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದೆ. ಕೇಂದ್ರದ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡಿ ಅಂದರು, ಬಿಡಲಿಲ್ಲ. ನುಣುಪು ನೆಲ, ಗೋಡೆ ತುಂಬ ಕನ್ನಡಿ. ಮಕ್ಕಳು ಸಾಲಾಗಿ ಒದೆಯುತ್ತಿದ್ದವು, ಪಾಠ ಮುಗಿದವು ಹಿಂದಿನ ಬಾಗಿಲಿಗೆ ಓಡುತ್ತಿದ್ದವು. ನಾನೂ ಹಿಂದೆಯೇ ಹೋದೆ. ಹಿತ್ತಲಲ್ಲೊಂದು ತಗಡಿನ ಶೆಡ್ಡು, ಕಿಟಕಿಯಿಲ್ಲ. ಒಳಗೆ ಚಾಪೆಯ ಮೇಲೆ ನಮ್ಮೂರವರೇ ಕೂತಿದ್ದರು, ಗಾಡಿ ಎಳೆಯುವ ಶಿವನಂಜ, ಹೂ ಮಾರುವ ಪುಟ್ಟಲಿಂಗಿ, ಇನ್ನೂ ಹತ್ತಾರು ಜನ. ಮಕ್ಕಳು ಬಂದು ಅಂಗೈ ಚಾಚುತ್ತಿದ್ದವು, ಇವರು ಕಣ್ಣು ಬಿಡದೆಯೇ ತಗೊಂಡೆ, ತಗೊಂಡೆ ಅನ್ನುತ್ತಿದ್ದರು. ಒಂದು ಮಗುವಾದರೂ ಅವರ ಮುಖ ನೋಡಲಿಲ್ಲ. ತಗೊಂಡವರು ಅಲ್ಲೇ ಒರಗಿ ನಿದ್ದೆಹೋಗುತ್ತಿದ್ದರು. ಶಿವನಂಜ ನಿದ್ದೆಯಲ್ಲಿದ್ದ, ಅವನ ಹಿಮ್ಮಡಿ ಚಾಪೆಯ ಮೇಲೆ ತಿರುಗಿ, ಸೊಂಟ ಹೊರಳಿ, ಮುಷ್ಟಿ ಮುಂದಕ್ಕೆ ಚಿಮ್ಮಿ ಹಿಂದಕ್ಕೆ ಬಂತು. ಹೊರಗೆ ಮಾಸ್ಟರು ಕಲಿಸುತ್ತಿದ್ದ ಪಾಠವೇ ಅದು, ಹೊರಗಿನ ಮಕ್ಕಳಿಗಿಂತ ಚೊಕ್ಕ. ನನಗೆ ಆಗ ಪೂರ್ತಿ ಅರ್ಥವಾಯಿತು. ದಾಟಿಸಿದ ದಣಿವಿನ ಜೊತೆ ವರಸೆ ಎಲ್ಲೂ ಕಳೆದುಹೋಗುವುದಿಲ್ಲ, ಹೊತ್ತು ಮಲಗಿದವರ ಮೈ ಸೇರುತ್ತದೆ. ನನ್ನ ಮಾವನಿಗೂ ಇದು ಗೊತ್ತಿರಲಿಲ್ಲ.

ವಸಂತಕುಮಾರ ನಗುತ್ತ ಬಂದ. ಅವನ ನಗು ಬೋರ್ಡಿನ ಹುಡುಗನದ್ದೇ. ಇವರನ್ನು ಸಾಯಿಸುತ್ತಿದ್ದೀಯಲ್ಲ ಎಂದು ಕೇಳಿದೆ. ಎಲ್ಲರೂ ಒಪ್ಪಿಯೇ ಬಂದವರು, ವಾರ್ಷಿಕ ಪ್ರದರ್ಶನದವರೆಗೆ ಇರುತ್ತೇವೆಂದು ಮುಂಗಡ ಪಡೆದಿದ್ದಾರೆ, ನಡುವೆ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು ಅಂದ. ನಿನ್ನ ಮಕ್ಕಳಿಗೆ ಒಂದು ವರಸೆಯೂ ಬರುವುದಿಲ್ಲ, ಹೇಗೆ ನಿಲ್ಲಿಸಿಕೊಂಡಿದ್ದೀಯ ಅವರನ್ನು ಅಂದೆ. ಅದಕ್ಕೆ ಅವನು ನನಗೆ ಪಾಠ ಹೇಳಿದ. "ಅಮ್ಮಾ, ವರ್ಷದ ಫೀಸು ಮೊದಲೇ ಕಟ್ಟಿಸ್ಕೋಬೇಕು, ವಾಪಸ್ ಕೊಡಬಾರದು. ಆಮೇಲೆ ಮಗು ಬರಲ್ಲ ಅಂದ್ರೂ ಅಪ್ಪ ಎಳ್ಕೊಂಡು ಬರ್ತಾನೆ. ಶ್ರದ್ಧೆ ಅಂದ್ರೆ ಇಷ್ಟೇ." ಅವನ ಕೆನ್ನೆಗೆ ಬಾರಿಸಬೇಕೆಂದು ಕೈ ಮೇಲೆದ್ದಿತ್ತು. ಮಕ್ಕಳು ನೋಡುತ್ತಿದ್ದವು, ಇಳಿಸಿದೆ. ಅವತ್ತು ಹೊಡೆಯದೆ ಬಂದದ್ದಕ್ಕೆ ಈಗಲೂ ಕೈ ಕೈ ಹಿಸುಕಿಕೊಳ್ಳುತ್ತೇನೆ.

ಗರಡಿಗೆ ಮರಳಿದಾಗ ದೇವೀರಿ ಕೂತಲ್ಲೇ ಇದ್ದಳು. ಫೀಸು ಬೇಡ, ನಾಳೆಯಿಂದ ಅಲ್ಲಿಗೆ ಹೋಗಬೇಡ, ಮುಂಗಡ ನಾನು ಕಟ್ಟುತ್ತೇನೆ, ಮೈಮೇಲಿರುವುದನ್ನೆಲ್ಲ ನನಗೆ ಕೊಡು, ಅಂಗೈ ಚಾಚು ಅಂದೆ. ಅವಳು ತನ್ನ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡಳು. ಪುಕ್ಕಟೆ ಕಲಿತವಳು ಎಂದು ನಾಳೆ ಜನ ಆಡಿಕೊಳ್ಳುತ್ತಾರೆ, ಫೀಸು ಕಟ್ಟಿಯೇ ಕಲಿಯುತ್ತೇನೆ ಅಂದಳು. ದಣಿವನ್ನಾದರೂ ಕೊಡೇ ಅಂದೆ. ಗರಡಿಗೆ ಬರುವವರು ಮೈಯಲ್ಲಿರುವುದನ್ನು ಯಾರಿಗೂ ಕೊಡಬಾರದು ಎಂದು ಕಲಿಸಿದವರು ನೀವೇ ಅಲ್ಲವಾ ಎಂದು ಕೇಳಿದಳು. ನನ್ನ ಮಾತನ್ನೇ ತಿರುಗಿಸಿ ನನ್ನ ಮೇಲೆ ಎಸೆದಳು. ಎರಡು ಬಿಡಬೇಕು ಅನ್ನಿಸಿತು. ಹಟಮಾರಿ ಮುಂಡೇದೇ, ಹಾಗಾದರೆ ಏಳು, ಇವತ್ತೇ ಕೊನೆಯ ವರಸೆ ಶುರು ಅಂದೆ.

ಕೊನೆಯ ವರಸೆಯಲ್ಲಿ ಹೊಡೆತವೇ ಇಲ್ಲ. ಕೋಲನ್ನು ತಲೆಯ ಮೇಲೆ ಅಡ್ಡ ಹಿಡಿದು, ಎದುರಿನವರು ಹೊಡೆದಷ್ಟೂ ತಡೆಯಬೇಕು. ಹಿಂದೆ ಸರಿಯಬಹುದು, ಮತ್ತೆ ಮುಂದೆ ಬರಬೇಕು, ಮಂಡಿ ಮಾತ್ರ ನೆಲಕ್ಕೆ ತಾಗಬಾರದು. ಹೊಡೆಯುವವರು ಸೋತು ಕೋಲು ಇಳಿಸುವವರೆಗೂ ನಿಂತಿದ್ದರೆ ವರಸೆ ಮುಗಿಯಿತು. ದಿನಾ ಬೆಳಗ್ಗೆ ನಾನು ಹೊಡೆದೆ. ವಸಂತಕುಮಾರನ ಮೇಲಿನ ಸಿಟ್ಟು, ಇಂದುಮತಿಯ ಮೇಲಿನ ಸಿಟ್ಟು, ನನ್ನ ಸೀಮೆಸುಣ್ಣದ ಮೇಲಿನ ಸಿಟ್ಟು, ಎಲ್ಲ ಇವಳ ಕೋಲಿನ ಮೇಲೆ ಇಳಿಯಿತು. ದಿನಾ ಅವಳ ಮಂಡಿ ಮಣ್ಣಿಗೆ ತಾಗುತ್ತಿತ್ತು. ಮೊದಲೇ ಐದು ಮಕ್ಕಳನ್ನು ಹೊತ್ತವಳು, ಜೊತೆಗೆ ತನ್ನದು, ಮನೆಯದು, ಇಸ್ತ್ರಿಯದು. ಇದು ಆಗದ ಮಾತು ಎಂದು ನಾನು ಮನಸ್ಸಿನಲ್ಲೇ ಕೈಬಿಟ್ಟಿದ್ದೆ. ಅವಳು ಮಾತ್ರ ಮಂಡಿ ಕೊಡವಿಕೊಂಡು ಇಸ್ತ್ರಿ ಅಂಗಡಿಗೆ ಹೋಗುತ್ತಿದ್ದಳು, ಅಲ್ಲಿಂದ ಶೆಡ್ಡಿಗೆ.

ಅಷ್ಟರಲ್ಲಿ ಕೇಂದ್ರದ ವಾರ್ಷಿಕ ಪ್ರದರ್ಶನ ಬಂತು. ಶಾಮಿಯಾನ, ಕುರ್ಚಿ, ಮೈಕು. ನಾನು ಹೋಗಲಿಲ್ಲ, ಆದರೆ ಮಾರನೆಯ ದಿನ ಊರೆಲ್ಲ ಅದೇ ಮಾತು. ಬಣ್ಣಬಣ್ಣದ ಪಟ್ಟಿ ಕಟ್ಟಿದ ಮಕ್ಕಳು ಕನ್ನಡಿಯಿಲ್ಲದ ವೇದಿಕೆಯ ಮೇಲೆ ಪಕ್ಕದವರು ಏನು ಮಾಡುತ್ತಾರೆಂದು ನೋಡುತ್ತ ನಿಂತುಬಿಟ್ಟವಂತೆ. ಒಂದು ಮಗು ಒದೆಯಲು ಹೋಗಿ ಕುಂಡೆ ಊರಿ ಕೂತಿತಂತೆ. ಕುರ್ಚಿ ಎತ್ತಿಡಲು ಬಂದಿದ್ದ ಪುಟ್ಟಲಿಂಗಿಯ ಮೇಲೆ ಯಾರೋ ರೇಗಿ ಕೈ ಮಾಡಿದಾಗ ಅವಳು ಸೊಂಟದಲ್ಲೇ ಹೊರಳಿ ಅವನನ್ನು ಮೂರು ಕುರ್ಚಿ ಆಚೆ ಕೆಡವಿದಳಂತೆ, ಕೆಡವಿ ತಾನೇ ಹೆದರಿ ಅತ್ತಳಂತೆ. ವಸಂತಕುಮಾರ ಅಲ್ಲೇ ಮೈಕು ಹಿಡಿದು ಹೊರೆಯಾಳುಗಳು ಮಕ್ಕಳ ವಿದ್ಯೆ ಕದ್ದಿದ್ದಾರೆ ಅಂದನಂತೆ, ಅವರ ಬಾಕಿ ಸಂಬಳ ಕೊಡುವುದಿಲ್ಲ ಅಂದನಂತೆ. ಅಪ್ಪಂದಿರು ಚಪ್ಪಾಳೆ ತಟ್ಟಿದರಂತೆ. ಹೊರಿಸುವಾಗ ಯಾರಿಗೂ ನಾಚಿಕೆಯಾಗಲಿಲ್ಲ, ಹೊತ್ತವರು ಕಳ್ಳರಾದರು.

ಅದರ ಮರುದಿನ ದೇವೀರಿ ಬಂದಳು. ಕಳ್ಳಿ ಅನ್ನಿಸಿಕೊಂಡು ಬಂದವಳ ಕಣ್ಣು ಕೆಂಪಗಿತ್ತು, ಕೋಲು ಅಡ್ಡ ಹಿಡಿದು ನಿಂತಳು. ನಾನು ಹೊಡೆಯತೊಡಗಿದೆ. ಅವಳು ಸರಿದಳು, ಬಂದಳು, ಸರಿದಳು, ಬಂದಳು. ಮಂಡಿ ನೆಲದ ಹತ್ತಿರ ಹೋಗಿ ಅಲ್ಲೇ ನಡುಗುತ್ತ ನಿಂತಿತು, ತಾಗಲಿಲ್ಲ. ನನ್ನ ರಟ್ಟೆ ಸೋತಿತು. ನಾನು ಕೋಲು ಇಳಿಸಿದಾಗ ಅವಳು ಇನ್ನೂ ಕೋಲು ಅಡ್ಡ ಹಿಡಿದುಕೊಂಡೇ ಇದ್ದಳು. ಮುಗಿಯಿತು ಕಣೇ ಎಂದು ಹೇಳಿ ಅತ್ತುಬಿಟ್ಟೆ. ಅತ್ತದ್ದಕ್ಕೂ ನನಗೆ ಸಿಟ್ಟು ಬಂತು.

ಹೊಸ ಉಸ್ತಾದರು ಮಟ್ಟಿಯಲ್ಲಿ ನಿಂತು ತಮ್ಮ ಗರಡಿಯ ಫೀಸು ಏನೆಂದು ಊರ ಮುಂದೆ ಕೂಗುವುದು ನಮ್ಮ ಪದ್ಧತಿ. ಕೂಗಿದ ಫೀಸನ್ನು ಕಲಿಸಿದ ಉಸ್ತಾದರೇ ಮೊದಲು ಕಟ್ಟಿ, ಹೊಸಬರ ಕೈಕೆಳಗೆ ಒಂದು ಪಾಠ ಮಾಡಬೇಕು. ಕಟ್ಟಿದರೆ ಗರಡಿ ಆಯಿತು, ಕಟ್ಟದಿದ್ದರೆ ಇಲ್ಲ. ನಾನು ಕೂಗಿದಾಗ ನನ್ನ ಮಾವ ಒಂದು ನಾಣ್ಯ ಎಸೆದು, ಎರಡು ಸಲ ಕೋಲು ತಿರುಗಿಸಿ ಮನೆಗೆ ಹೋಗಿದ್ದ. ಭಾನುವಾರ ಬೆಳಗ್ಗೆ ನಾನೂ ಸೆರಗಿನ ತುದಿಗೆ ಕಾಸು ಕಟ್ಟಿಕೊಂಡು ನಿಂತೆ. ಕೆಳಗಿನ ಬೀದಿಯ ಹೆಂಗಸರು ಬಂದರು. ಶೆಡ್ಡಿನವರೆಲ್ಲ ಬಂದು ಗೋಡೆಗೊರಗಿ ಕೂತರು. ಇಂದುಮತಿಯೂ ಪ್ರತೀಕನ ಕೈ ಹಿಡಿದು ಬಂದಿದ್ದಳು, ಫೀಸು ಕಡಿಮೆಯಿದ್ದರೆ ಸೇರಿಸೋಣ ಎಂದಿರಬೇಕು. ವಸಂತಕುಮಾರ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದ. ದೇವೀರಿ ಎಷ್ಟು ಕೂಗಿದರೂ ಅದಕ್ಕಿಂತ ಕಡಿಮೆ ಬರೆಸಲು ಅವನ ಹತ್ತಿರ ಬೋರ್ಡಿನವನು ತಯಾರಿದ್ದ.

ದೇವೀರಿ ಮಟ್ಟಿಗಿಳಿದಳು. ಗಂಟಲು ಸರಿಮಾಡಿಕೊಂಡಳು.

"ನನ್ ಗರಡೀಲಿ ಕಾಸಿಲ್ಲ" ಎಂದು ಕೂಗಿದಳು. "ಹೊತ್ತೋರು ಹಂಗೇ ಬರಬೌದು, ಅವ್ರದು ಆಗ್ಲೇ ಸಂದಾಯ ಆಗೋಗದೆ. ಹೊರಿಸಿದೋರು ಬಂದ್ರೆ, ಯಾರ ಮೇಲೆ ಏನು ಹೊರಿಸಿದ್ರೋ ಅದನ್ನ ಅವ್ರ ಮುಂದೆ ನಿಂತು ವಾಪಸ್ ತಗೊಂಡು ಬರ್ಬೇಕು. ಅದೇ ಫೀಸು. ಚೌಕಾಸಿ ಇಲ್ಲ."

ಇಂದುಮತಿ ಮಗನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ವಸಂತಕುಮಾರ ಜೋರಾಗಿ ನಕ್ಕು, ಇಂಥ ಫೀಸನ್ನು ಯಾರು ಕಟ್ಟುತ್ತಾರೆ, ಮೊದಲು ನಿಮ್ಮ ಉಸ್ತಾದಮ್ಮನನ್ನೇ ಕೇಳು ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗಿನ ಗಂಟು ಬಿಚ್ಚುತ್ತಿದ್ದವಳು ಕೈ ಬಿಟ್ಟೆ. ನಾನು ಯಾರ ಮೇಲೂ ದಣಿವು ಹೊರಿಸಿದವಳಲ್ಲ, ಹುಟ್ಟಿದಾಗಿನಿಂದ ನನ್ನದನ್ನು ನಾನೇ ಹೊತ್ತಿದ್ದೇನೆ, ಊರಿಗೇ ಗೊತ್ತು ಅಂದೆ. ತಲೆಯೆತ್ತಿಯೇ ಅಂದೆ.

"ನೀವು ಫೀಸು ಏರಿಸಿದ್ ದಿನದಿಂದ ನಾನು ಹೊತ್ತಿದ್ದು ಯಾರ ದೆಸೆಯಿಂದ ಉಸ್ತಾದಮ್ಮ?" ಅಂದಳು ದೇವೀರಿ.

ಅಷ್ಟು ಜನರ ಮುಂದೆ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ನನ್ನನ್ನು ಇನ್ನಷ್ಟು ಉರಿಸಿತು. ಹೊಟ್ಟೆಗಿಲ್ಲದೆ ಕೂತು ನಿನಗೆ ಕಲಿಸಿದೆನಲ್ಲ, ನನ್ನನ್ನು ಆ ಮಾಸ್ಟರನ ಪಕ್ಕ ನಿಲ್ಲಿಸುತ್ತೀಯಾ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಲು ಹೋದರೆ ಗೋಡೆಗೊರಗಿ ಕೂತ ಪುಟ್ಟಲಿಂಗಿ, ಶಿವನಂಜ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವಸಂತಕುಮಾರನೂ ನೋಡುತ್ತಿದ್ದ, ನಾನು ತಿರುಗಿ ನಡೆಯುತ್ತೇನೆ, ಈ ಗರಡಿ ಹುಟ್ಟುವ ಮೊದಲೇ ಮುಗಿಯುತ್ತದೆ ಎಂದು ಕಾಯುತ್ತಿದ್ದ. ಸೀಮೆಸುಣ್ಣ ಹಿಡಿದಿದ್ದು ನನ್ನ ಕೈಯೇ. ಮಟ್ಟಿಗಿಳಿದೆ. ದೇವೀರಿ ಮೊದಲ ಸಲ ನನ್ನ ಮುಂದೆ ಅಂಗೈ ಚಾಚಿದಳು. ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತುಗಳ ಆ ಕೈಯ ಮೇಲೆ ನನ್ನ ಕೈಯಿಟ್ಟು "ತಗೊಂಡೆ" ಅಂದೆ.

ಅಯ್ಯೋ ದೇವರೇ, ಅದೇನು ದಣಿವು. ಮೊದಲು ಬಂದದ್ದು ಆ ಮಕ್ಕಳದು, ಮನಸ್ಸಿಲ್ಲದೆ ಒದ್ದು ಒದ್ದು ಬಂದ ಸಪ್ಪೆ ದಣಿವು. ಅದರ ಹಿಂದೆ ಇದ್ದಿಲಿನ ಕಾವು, ಅದರ ಹಿಂದೆ ತಗಡಿನ ಶೆಡ್ಡಿನ ಮಧ್ಯಾಹ್ನಗಳು, ಕೊನೆಗೆ ನನ್ನದೇ ಕೋಲಿನ ಪೆಟ್ಟುಗಳು ಒಂದೊಂದಾಗಿ ಬಂದವು. ಇದೆಲ್ಲ ಇಟ್ಟುಕೊಂಡು ಇವಳು ನಿಂತಿದ್ದಳಾ? ನನ್ನ ಕಾಲು ಮಡಚಿಕೊಂಡಿತು. ಬೋರಲಾಗಿ ಮಣ್ಣಿನಲ್ಲಿ ಬಿದ್ದೆ. ಬಾಯಿಗೂ ಮಣ್ಣು ಹೋಯಿತು. ಪಕ್ಕದಲ್ಲಿ ಯಾರೋ ಅಯ್ಯೋ ಅಂದರು, ಶಿವನಂಜ ಎತ್ತಲು ಬಂದ. ದೇವೀರಿ ಅವನನ್ನು ತಡೆದಳು.

ಹೊರಳಿ ನೋಡಿದರೆ ಅವಳ ಮುಖ ಮೇಲೆ ಕಂಡಿತು. ಎಷ್ಟೋ ತಿಂಗಳ ಮೇಲೆ ಅವಳ ಬೆನ್ನು ನೆಟ್ಟಗಿತ್ತು. ನನ್ನ ಕೋಲನ್ನು ಎತ್ತಿ ನನ್ನ ಪಕ್ಕದಲ್ಲಿಟ್ಟಳು. ಕ್ಷಮಿಸಿ ಅನ್ನುತ್ತಾಳೆ, ಒಂದು ಲೋಟ ನೀರಾದರೂ ಕೊಡುತ್ತಾಳೆ ಅಂದುಕೊಂಡೆ.

"ಫೀಸು ಸಂದಾಯ ಆಯ್ತು. ಏಳಿ. ಮೊದಲನೇ ವರಸೆ" ಅಂದಳು.

ನನಗೇ, ನನ್ನ ಮಟ್ಟಿಯಲ್ಲೇ, ಮೊದಲನೇ ವರಸೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇರೆ ಯಾವ ಶಕ್ತಿಯೂ ಮೈಯಲ್ಲಿ ಉಳಿದಿರಲಿಲ್ಲ, ಆ ಸಿಟ್ಟಿನ ಮೇಲೇ ಕೈಯೂರಿ ಎದ್ದು ನಿಂತೆ.